ಮನಿಗೆ ಹೋಗ್ರಿ ಸರ

ಹುಬ್ಬಳ್ಳಿಯ ಗೋಕುಲ ರಸ್ತೆಯ ಲೇಥ್ ಕಾರ್ಖಾನೆಯ ಸದ್ದಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದ ಮಾಲತೇಶನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಮನೆಯಲ್ಲಿ ಚಹಾ ಕೇಳಿದರೆ ಪಕ್ಕದ ಮನೆಯವರಿಗೂ ಕೇಳಿಸುತ್ತಿತ್ತು. ಭಾನುವಾರ ಸಂಜೆ ಗೋಕುಲ ರೋವರ್ಸ್ ತಂಡದ ಫುಟ್‌ಬಾಲ್ ಆಟಕ್ಕೆ ಹೋದರೆ ಆ ಗಂಟಲು ಪೂರ್ತಿ ಬಿಚ್ಚಿಕೊಳ್ಳುತ್ತಿತ್ತು. ಮೈದಾನದ ಎಡ ಅಂಚಿನಲ್ಲಿ, ಇಮಾಮಬಿಯ ಚಹಾ ಗಾಡಿಯ ಪಕ್ಕ ನಿಂತು ಅವನು ಆಟಗಾರರಿಗೆ, ರೆಫ್ರಿಗೆ, ಎಲ್ಲರಿಗಿಂತ ಹೆಚ್ಚಾಗಿ ಮ್ಯಾನೇಜರ್ ಡ್ಯಾನಿಯಲ್ ಸರ್ ಅವರಿಗೆ ಬುದ್ಧಿ ಹೇಳುತ್ತಿದ್ದ.

ಡ್ಯಾನಿಯಲ್ ಸರ್ ಧಾರವಾಡದ ಮಿಶನ್ ಶಾಲೆಯೊಂದರಲ್ಲಿ ಪಿ.ಟಿ. ಮಾಸ್ತರರಾಗಿದ್ದವರು. ಭಾನುವಾರ ಬೆಳಿಗ್ಗೆ ಚರ್ಚು, ಮಧ್ಯಾಹ್ನ ಊಟ, ಆಮೇಲೆ ಲೂನಾ ಹತ್ತಿ ಕೆಲಗೇರಿಯ ಮನೆಯಿಂದ ಹುಬ್ಬಳ್ಳಿಗೆ. ಹತ್ತೊಂಬತ್ತು ವರ್ಷ ಹೀಗೆ ಬಂದು ತಂಡವನ್ನು ನಡೆಸಿದರು. ಚರ್ಚಿನಲ್ಲಿ ಕೊಡುವ ಪತ್ರಿಕೆಯ ಹಿಂಬದಿಯಲ್ಲಿ ಹನ್ನೊಂದು ಹೆಸರು ಬರೆದು ತಂದಿರುತ್ತಿದ್ದರು. ಆಟ ಶುರುವಾದ ಮೇಲೆ ಟೊಪ್ಪಿಗೆ ಸರಿಮಾಡಿಕೊಂಡು ನಿಂತರೆ ಮುಗಿಯಿತು, ಒಂದು ಸಲವೂ ದನಿ ಏರಿಸಿದವರಲ್ಲ. ಅವರ ಪಾಲಿನ ಕೂಗನ್ನೂ ತಾನೇ ಕೂಗುತ್ತೇನೆಂದು ಮಾಲತೇಶ ಹೇಳಿಕೊಳ್ಳುತ್ತಿದ್ದ.

ಹನ್ನೊಂದು ವರ್ಷದ ಹಿಂದೆ, ಲೀಗಿನ ಕೊನೆಯ ಆಟದಲ್ಲಿ ರೋವರ್ಸ್ ಮೂರು ಗೋಲು ಹಿಂದೆ ಬಿದ್ದಿತ್ತು. ಇನ್ನೂ ಅರ್ಧ ಆಟ ಬಾಕಿ. ಆಗ ಡ್ಯಾನಿಯಲ್ ಸರ್, ಇಡೀ ಮೈದಾನಕ್ಕೆ ಅಚ್ಚುಮೆಚ್ಚಾಗಿದ್ದ ರಾಜಶೇಖರನನ್ನೇ ಹೊರಗೆ ಕರೆದರು. ಮಾಲತೇಶನಿಗೆ ತಡೆಯಲಾಗಲಿಲ್ಲ.

"ಸಾಕ್ರಿ ಸರ, ಮನಿಗೆ ಹೋಗ್ರಿ. ನಿಮ್ಮ ಕಾಲ ಮುಗದೈತಿ."

ಸುತ್ತಲಿದ್ದ ಮಂದಿ ನಕ್ಕರು. ಡ್ಯಾನಿಯಲ್ ಸರ್ ಒಮ್ಮೆ ಆ ಕಡೆ ತಿರುಗಿ ನೋಡಿ, ಟೊಪ್ಪಿಗೆ ಸರಿಮಾಡಿಕೊಂಡು ಮತ್ತೆ ಆಟದ ಕಡೆ ಮುಖ ಮಾಡಿದರು. ಮುಂದಿನ ಭಾನುವಾರ ಅಭ್ಯಾಸದ ಹೊತ್ತಿಗೆ ಅವರು ಬರಲಿಲ್ಲ. ಅವರು ತಂಡ ಬಿಟ್ಟರಂತೆ ಎಂದು ಇಮಾಮಬಿ ಗಾಡಿಯ ಹಿಂದಿನಿಂದ ಹೇಳಿದಾಗ ಮಾಲತೇಶನ ಕೈಯಲ್ಲಿದ್ದ ಚಹಾ ಹಾಗೇ ಆರಿತು.

ಅಂದಿನಿಂದ ಅವನು ಆಟ ನೋಡುವುದನ್ನು ಬಿಡಲಿಲ್ಲ, ಕೂಗುವುದನ್ನು ಬಿಟ್ಟ. ವಯಸ್ಸಾಯಿತು, ಮಾಗಿದ ಎಂದು ಜನ ಅಂದುಕೊಂಡರು. ಹೆಂಡತಿ ಗೀತಾಂಜಲಿಗೂ ಅವನು ಕಾರಣ ಹೇಳಿರಲಿಲ್ಲ.

ಈ ವರ್ಷ ಡ್ಯಾನಿಯಲ್ ಸರ್ ಅವರಿಗೆ ಎಪ್ಪತ್ತೈದು ತುಂಬುತ್ತದೆ, ಹಳೆಯ ಅಭಿಮಾನಿಗಳೆಲ್ಲ ಕೂಡಿ ಅವರ ಮನೆಗೆ ಹೋಗೋಣ ಎಂದು ಇಮಾಮಬಿ ಫೋನು ಮಾಡಿದಳು.

"ನಂಗ ಕಾರ್ಖಾನ್ಯಾಗ ಕೆಲಸ ಐತಿ ಚಾಚಿ" ಎಂದ ಮಾಲತೇಶ.

"ರವಿವಾರ ಎಲ್ಲಿ ಕಾರ್ಖಾನಿ ಐತೋ ನಿಂದು? ಸರ್ ಹೆಂಡ್ತಿ ಎಲಿಜಬೆತ್ ಬಾಯಾರು ಇಪ್ಪತ್ತ ಮಂದಿಗೆ ಅಡಗಿ ಮಾಡಾಕತ್ತಾರ. ಗೀತಾಂಜಲಿನೂ ಕರ್ಕೊಂಡ ಬಾ."

ಫೋನಿನ ಮಾತು ಗೀತಾಂಜಲಿಗೂ ಕೇಳಿಸಿತ್ತು. ಅವಳು ಆಗಲೇ ಯಾವ ಸೀರೆ ಉಡಬೇಕೆಂದು ಯೋಚಿಸತೊಡಗಿದ್ದಳು. ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

ಭಾನುವಾರ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಬಂದು, ಅಲ್ಲಿಂದ ಆಟೋ ಹಿಡಿದು ಅವರು ಕೆಲಗೇರಿ ತಲುಪಿದಾಗ ಅಂಗಳ ತುಂಬಿತ್ತು. ಬೇವಿನ ಗಿಡದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು, ಮಧ್ಯದಲ್ಲಿ ಡ್ಯಾನಿಯಲ್ ಸರ್. ತುಸು ತೆಳ್ಳಗಾಗಿದ್ದರು, ಅಷ್ಟೇ. ಮಾಲತೇಶ ಕೊನೆಯ ಸಾಲಿನಲ್ಲಿ, ಗಿಡದ ಬೊಡ್ಡೆಗೆ ಅರ್ಧ ಮರೆಯಾಗುವಂತೆ ಕುಳಿತ.

ಒಬ್ಬೊಬ್ಬರಾಗಿ ನೆನಪು ಹೇಳತೊಡಗಿದರು. ಮೊದಲು ಇಮಾಮಬಿ ಎದ್ದಳು.

"ರಂಜಾನ್ ತಿಂಗಳಿತ್ತು. ನಮ್ಮ ಮೂರ ಹುಡುಗರು ರೋಜಾ ಹಿಡದು ಆಡಾಕತ್ತಿದ್ರು. ಹೊತ್ತ ಮುಣಗೂದ್ರಾಗ ಸರ್ ರೆಫ್ರಿ ಕಡೆ ಹೋಗಿ, ಎರಡ ನಿಮಿಷ ನಿಲ್ಲಸ್ರಿ ಅಂದ್ರು. ಆಚೆ ತಂಡದವ್ರೂ ಹೂಂ ಅಂದ್ರು. ಸರ್ ತಮ್ಮ ಕಿಸೇದಾಗಿಂದ ಖಜೂರ ತಗದ ಕೊಟ್ಟಾಗ ನನಗ ಚಹಾ ಸೋಸೂದ ಮರತಹೋತ. ಮುಂಜಾನೆ ಚರ್ಚಿಗೆ ಹೋಗೂ ಮುಂದನ ತಂದಿಟ್ಕೊಂಡಿದ್ರಂತ."

ಸುಳ್ಳ ಗ್ರಾಮದಿಂದ ಬಂದಿದ್ದ ರೈತ ಶಿದ್ದಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು ಎದ್ದ. ಅವನ ಮಗ ಒಂದು ಕಾಲಕ್ಕೆ ತಂಡದ ಬಲ ಅಂಚಿನಲ್ಲಿ ಓಡುತ್ತಿದ್ದವನು.

"ಹೆಸರಕಾಳ ಬೆಳಿ ಬಿಡಸೂ ಕಾಲ. ಮುಗಿಲ ಕಟ್ಟಿತ್ತು. ಆಟಕ್ಕ ಕಳಸಾಂಗಿಲ್ರಿ, ಹೊಲದಾಗ ಕೆಲಸ ಐತಿ ಅಂತ ನಾ ಹೇಳಿ ಕಳಿಸಿದ್ದೆ. ಮರುದಿನ ಹೊತ್ತ ಹೊಂಡೂದ್ರಾಗ ನೋಡ್ತೇನಿ, ಇಡೀ ತಂಡ ನಮ್ಮ ಹೊಲದ ಬದುವಿನ ಮ್ಯಾಲ ನಿಂತೈತಿ. ಸರ್ ಎಲ್ಲಾರಿಗೂ ಒಂದೊಂದ ಸಾಲ ಹಂಚಿಕೊಟ್ರು. ಗೋಲ್‌ಕೀಪರ್ ಭಾಳ ಚಂದ ಕಾಯಿ ಬಿಡಸ್ತಿದ್ದ, ಕೈ ಚುರುಕ ಇದ್ವು. ಆ ರಾಜಶೇಖರ ಮಾತ್ರ ಗಿಡದ ಬುಡಕ ಮಕ್ಕೊಂಡಿದ್ದ. ಮಧ್ಯಾಹ್ನಕ್ಕ ಹೊಲ ಖಾಲಿ. ಮಗನ್ನ ನಾನ ಕಳಿಸಿದೆ, ಇನ್ನೇನ ಮಾಡ್ಲಿ."

ಅಂಗಳವೆಲ್ಲ ನಕ್ಕಿತು. ಡ್ಯಾನಿಯಲ್ ಸರ್ ಬೆನ್ನು ನೀವಿಕೊಂಡು, "ನನಗ ಮೂರ ದಿನ ಸೊಂಟ ಎತ್ತಾಕ ಬಂದಿಲ್ಲ ಶಿದ್ದಪ್ಪ" ಎಂದರು.

ಮಾಲತೇಶನೂ ನಕ್ಕ. ನಗುತ್ತಿದ್ದಂತೆಯೇ ಆ ದಿನದ ತನ್ನ ಕೂಗು ನೆನಪಾಯಿತು. ಇಂಥ ಮನುಷ್ಯನನ್ನು ತಾನು ಮೂರು ಮಾತಿನಲ್ಲಿ ಓಡಿಸಿಬಿಟ್ಟೆನಲ್ಲ. ಎದ್ದು ಹತ್ತಿರದ ಕೆರೆಯ ಕಡೆ ಹೋಗಿಬಿಡಲೇ ಎಂದುಕೊಳ್ಳುವಷ್ಟರಲ್ಲಿ ಇಮಾಮಬಿ ಅವನತ್ತ ಕೈ ತೋರಿಸಿದಳು.

"ಮಾಲತೇಶ, ನೀ ಯಾಕ ಸುಮ್ಮ ಕುಂತಿ? ಎಲ್ಲಾರಕಿಂತ ಜಾಸ್ತಿ ಮಾತಾಡಿದಾಂವ ನೀನ."

ಅವನು ಎದ್ದ. ನಾಲ್ಕು ಒಳ್ಳೆಯ ಮಾತು ಹೇಳಿ ಕುಳಿತುಬಿಡಬೇಕೆಂದುಕೊಂಡಿದ್ದ. ಆದರೆ ಡ್ಯಾನಿಯಲ್ ಸರ್ ಕತ್ತು ಮುಂದೆ ಚಾಚಿ, ಹಳೆಯ ವಿದ್ಯಾರ್ಥಿಯ ಉತ್ತರಕ್ಕೆ ಕಾಯುವ ಮಾಸ್ತರರಂತೆ ಅವನನ್ನೇ ನೋಡುತ್ತಿದ್ದರು. ಸಿದ್ಧ ಮಾಡಿಕೊಂಡ ಮಾತನ್ನು ಅವನು ಬಿಟ್ಟುಬಿಟ್ಟ.

"ಸರ, ಕಡೀ ಆಟದ ದಿನ ಮನಿಗೆ ಹೋಗ್ರಿ ಅಂತ ಒದರಿದಾಂವ ನಾನರಿ" ಎಂದ. ಜೀವನದಲ್ಲಿ ಮೊದಲ ಸಲ ಅವನ ಧ್ವನಿ ಮುಂದಿನ ಸಾಲಿಗೆ ಕೇಳಿಸಲು ತಿಣುಕಿತು. "ಅದಕ್ಕ ನೀವು ಬಿಟ್ರಿ. ಹನ್ನೊಂದ ವರ್ಷ ಆತು, ಯಾರ ಮುಂದೂ ಹೇಳಿಲ್ಲ. ತಪ್ಪಾತರಿ."

ಗೀತಾಂಜಲಿ ಗಂಡನ ಮುಖವನ್ನು ಹೊಸದಾಗಿ ಕಂಡಂತೆ ನೋಡಿದಳು.

ಡ್ಯಾನಿಯಲ್ ಸರ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು.

"ಆ ಮಾತಿನಿಂದ ನೋವಾಗಲಿಲ್ಲ ಅಂದ್ರ ಸುಳ್ಳಾಕೈತಿ. ಎರಡ ದಿನ ಆತು. ಆದ್ರ ಮಾಲತೇಶ, ನಾ ರಾಜೀನಾಮೆ ಬರದ ಕೊಟ್ಟು ಆ ಹೊತ್ತಿಗೆ ಇಪ್ಪತ್ತ ದಿನ ಆಗಿತ್ತು. ಎಲಿಜಬೆತ್‌ದು ಮಣಕಾಲ ಆಪರೇಶನ್ ಇತ್ತು, ಮನ್ಯಾಗ ನಾ ಇರಬೇಕಿತ್ತು. ಕಡೀ ಆಟ ಮುಗಿಯೂತನಕ ಯಾರಿಗೂ ಹೇಳಬ್ಯಾಡ್ರಿ, ಹುಡುಗರು ಅಳ್ಕೋತ ಆಡ್ತಾರ ಅಂತ ನಾನ ಕಮಿಟಿಯವರಿಗೆ ಹೇಳಿದ್ದೆ. ಹುಡುಗರಿಗೆ ಹೆಂಗೋ ಗೊತ್ತಾಗಿಬಿಟ್ಟಿತ್ತು ಕಾಣಸ್ತೈತಿ. ಮೂರ ಗೋಲ ಹೊಡಸ್ಕೊಂಡ್ರಲ್ಲ."

ಮಾಲತೇಶ ಕುರ್ಚಿಯ ಬೆನ್ನು ಹಿಡಿದುಕೊಂಡ. "ಮತ್ತ ರಾಜಶೇಖರನ್ನ ಯಾಕ ತಗದ್ರಿ?"

ಕೇಳಿದ ಮೇಲೆ ತಾನು ಮತ್ತೆ ಅದನ್ನೇ ಕೇಳುತ್ತಿದ್ದೇನೆ ಎಂದು ಹೊಳೆಯಿತು. ಸುತ್ತಲಿನವರು ಕಿಸಕ್ಕೆಂದರು.

"ಅವನ ಪಾದ ಊದಿತ್ತು. ಯಾರಿಗೂ ಹೇಳಬ್ಯಾಡ್ರಿ ಅಂತ ಕೈ ಮುಗದಿದ್ದ. ಅವತ್ತ ಹೊರಗಿನ ತಂಡದವ್ರು ಅವನ್ನ ನೋಡಾಕ ಬಂದಿದ್ರು. ಇನ್ನ ಅರ್ಧ ತಾಸ ಆಡಿದ್ರ ಕಾಲ ಹೋಗತಿತ್ತು. ಕಾಲ ವಾಸಿ ಆದ ಮ್ಯಾಲ ಅದೇ ತಂಡದಾಗ ಕೆಲಸ ಸಿಕ್ತು, ಈಗ ಎರಡ ಮಕ್ಕಳ ಅಪ್ಪ ಆಗ್ಯಾನ. ಮಂದಿ ನನಗ ಬೈಲಿ ಬಿಡು ಅಂತ ಸುಮ್ಮನಿದ್ದೆ."

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಎಲಿಜಬೆತ್ ಬಾಯಾರು ಮೆಟ್ಟಿಲಿಳಿದು ಬಂದರು.

"ಅವತ್ತ ರಾತ್ರಿ ಊಟಕ್ಕ ಕುಂತಾಗ ಇವರು ಹೇಳಿದ್ರು, ಒಬ್ಬಾಂವ ಮನಿಗೆ ಹೋಗ್ರಿ ಅಂದ ಅಂತ. ಹತ್ತೊಂಬತ್ತ ವರ್ಷದಿಂದ ನಾನೂ ಅದನ್ನ ಹೇಳಾಕತ್ತಿದ್ದೆ, ಕೇಳಿರಲಿಲ್ಲ. ಆ ಹುಡುಗನ್ನ ಒಂದ ದಿನಾ ಊಟಕ್ಕ ಕರೀರಿ ಅಂದೆ. ಯಾರು ಅಂತ ಇವರು ಹೆಸರ ಹೇಳಲಿಲ್ಲ. ನೀನ ಏನಪ್ಪಾ ಆಂವ? ಬಾ, ಮೊದಲ ಪಂಕ್ತಿಗೆ ಕುಂಡ್ರು."

ಮಾಲತೇಶನಿಗೆ ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಗೀತಾಂಜಲಿ ಸೆರಗಿನ ತುದಿಯನ್ನು ಅವನ ಕೈಗೆ ಕೊಟ್ಟಳು.

ಎಲಿಜಬೆತ್ ಬಾಯಾರು ಅವನನ್ನು ಡ್ಯಾನಿಯಲ್ ಸರ್ ಪಕ್ಕದಲ್ಲೇ ಕೂಡಿಸಿದರು. ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಕೋಳಿ ಸಾರು. ಅವನ ತಟ್ಟೆ ಬರಿದಾಗುವ ಮೊದಲೇ ಇನ್ನೊಂದು ರೊಟ್ಟಿ ಬಂದು ಬೀಳುತ್ತಿತ್ತು.

"ಒಂದ ಮಾತ ಹೇಳ್ಲಾ?" ಎಂದರು ಡ್ಯಾನಿಯಲ್ ಸರ್ ತಗ್ಗಿದ ದನಿಯಲ್ಲಿ. "ನೀ ಒದರಿದ್ದು ಹತ್ತರಾಗ ಒಂಬತ್ತ ತಪ್ಪ ಇರತಿತ್ತು. ಆದ್ರ ಎಡಗಡೆ ಆಟಗಾರ ದಣದಾನ ಅನ್ನೂದು ನನಗಿಂತ ಮೊದಲ ನಿನಗ ಗೊತ್ತಾಗತಿತ್ತು. ನಿನ್ನ ಮಾತ ಕೇಳಿ ನಾಲ್ಕೈದ ಸಲ ಆಟಗಾರನ್ನ ಬದಲ ಮಾಡೇನಿ. ಅದನ್ನ ನಿನಗ ಹೇಳಿದ್ರ ನೀ ಇನ್ನೂ ಜೋರ ಒದರತಿದ್ದಿ, ಅದಕ್ಕ ಹೇಳಲಿಲ್ಲ."

ಮಾಲತೇಶ ತುತ್ತನ್ನು ತಟ್ಟೆಗೇ ಇಟ್ಟ. ಯಾವ ಆಟ, ಯಾವ ಆಟಗಾರ ಎಂದು ಒಂದೊಂದಾಗಿ ಕೇಳಿದ. ಡ್ಯಾನಿಯಲ್ ಸರ್ ಬೆರಳು ಮಡಚಿ ಹೇಳಿದರು. ಒಂದನ್ನು ಶಿದ್ದಪ್ಪ ಒಪ್ಪಲಿಲ್ಲ, ಇಮಾಮಬಿ ಇಬ್ಬರನ್ನೂ ತಿದ್ದಿದಳು. ಆ ವಾದ ಮಜ್ಜಿಗೆ ಬರುವವರೆಗೂ ಮುಗಿಯಲಿಲ್ಲ.

ಊಟವಾದ ಮೇಲೆ ಎಲ್ಲರೂ ಕೆರೆಯ ದಂಡೆಗೆ ನಡೆದರು. ನೀರಿನ ಮೇಲಿಂದ ತಂಪು ಗಾಳಿ ಬರುತ್ತಿತ್ತು. ಹೆಂಗಸರು ಮುಂದೆ ಹೋದರು. ಗೀತಾಂಜಲಿ ಎಲಿಜಬೆತ್ ಬಾಯಾರಿಗೆ ಕೈ ಆಸರೆ ಕೊಟ್ಟು, ಎಣಗಾಯಿಗೆ ಏನೇನು ಹಾಕಿದ್ದಿರಿ ಎಂದು ಕೇಳುತ್ತಿದ್ದಳು. ಡ್ಯಾನಿಯಲ್ ಸರ್ ಕಲ್ಲಿನ ಮೇಲೆ ಕುಳಿತು ಪಕ್ಕದಲ್ಲಿ ಮಾಲತೇಶನಿಗೂ ಜಾಗ ಮಾಡಿದರು.

"ಈಗಿನ ತಂಡ ಹೆಂಗೈತಿ? ಖರೇ ಹೇಳು."

ಮಾಲತೇಶ ಪ್ಯಾಂಟು ಮೇಲೆಳೆದುಕೊಂಡು ಕುಳಿತು, ಗೋಲ್‌ಕೀಪರ್‌ನಿಂದ ಹೇಳಲು ಶುರುಮಾಡಿದ.