ಭಾವನವರ ಇನ್ನೊಂದು ಪ್ರತಿ

ಮಾತಿನ ಚಪಲವಿರುವವನ ಕೈಗೆ ಮೈಕು ಕೊಡಬಾರದು ಎಂಬುದಕ್ಕೆ ನಾನೇ ಸಾಕ್ಷಿ. ನನ್ನ ಅಕ್ಕ ರಫು ಕೆಲಸ ಕಲಿಸುವವಳು. ಹರಿದ ಬಟ್ಟೆಗೆ ತೇಪೆ ಹಾಕದೆ, ದಾರದಿಂದಲೇ ನೇಯ್ದು, ತೂತು ಇತ್ತೆಂಬ ಗುಮಾನಿಯೂ ಬಾರದಂತೆ ಮುಚ್ಚುವ ವಿದ್ಯೆ ಅದು. ಆ ವಿದ್ಯೆಯನ್ನೆಲ್ಲ ಚಿತ್ರಸಮೇತ ತುಂಬಿಟ್ಟ ಅವಳ ವೆಬ್‌ಸೈಟನ್ನು ಹೊಲಿಗೆ ಬಲ್ಲವರ ಸಭೆಯೊಂದಕ್ಕೆ ಪರಿಚಯಿಸುವ ಹೊಣೆ ನನ್ನ ಪಾಲಿಗೆ ಬಂದಿತ್ತು. ನಗೆಬರಹ ಬರೆಯುವವನೆಂಬ ಒಂದೇ ಅರ್ಹತೆಯ ಮೇಲೆ ವೇದಿಕೆ ಏರಿದ ನಾನು, "ಬಟ್ಟೆ ಹರಿಯಬಹುದು, ಕಾಗದ ಜೀರ್ಣವಾಗಬಹುದು, ಆದರೆ ಜಾಲತಾಣಕ್ಕೆ ಮಾತ್ರ ಅಳಿವೆಂಬುದಿಲ್ಲ" ಎಂದು ಗಂಭೀರವಾಗಿ ಘೋಷಿಸಿ ಗುಂಡಿ ಒತ್ತಿದೆ. ದೊಡ್ಡ ಪರದೆಯ ಮೇಲೆ ಬಿಳಿಯ ಬಯಲು. ಅದರ ನಟ್ಟನಡುವೆ, 'ಈ ತಾಣ ಸದ್ಯಕ್ಕೆ ಲಭ್ಯವಿಲ್ಲ' ಎಂಬ ಒಂದೇ ಸಾಲು. ಮತ್ತೆ ಒತ್ತಿದೆ. ಸಾಲು ಅಲುಗಲಿಲ್ಲ. ಮುಂದಿನ ಕುರ್ಚಿಯಲ್ಲಿದ್ದ ಹೆಂಗಸೊಬ್ಬರು ಕನ್ನಡಕ ಸರಿಮಾಡಿಕೊಂಡು, "ರಫು ಅಂದ್ರೆ ಹೀಗಿರ್ಬೇಕು ನೋಡಿ, ಏನೂ ಕಾಣ್ತಿಲ್ಲ" ಎಂದರು. ಸಭೆ ನಕ್ಕಿತು. ವೃತ್ತಿಯಿಂದ ಇತರರನ್ನು ನಗಿಸಬೇಕಾದವನು ನಾನು. ಆದರೆ ಆ ನಗು ನನ್ನ ಸಂಪಾದನೆಯಾಗಿರಲಿಲ್ಲ.

ಆಗ ಹಿಂದಿನ ಸಾಲಿನಿಂದ ಎದ್ದು ಬಂದವರು ನನ್ನ ಭಾವ. ಅವರ ನಡಿಗೆಯೆಂದರೆ, ಮನೆಯಲ್ಲಿ ಒಲೆ ಆರಿಸಿದೆನೋ ಇಲ್ಲವೋ ಎಂದು ದಾರಿಯಲ್ಲಿ ನೆನಪಾದವನ ನಡಿಗೆ: ನಾಲ್ಕು ಹೆಜ್ಜೆ ಮುಂದೆ, ಒಮ್ಮೆ ಕತ್ತು ಹಿಂದೆ, ಮತ್ತೆ ನಾಲ್ಕು ಹೆಜ್ಜೆ. ಹಾಗೆಯೇ ವೇದಿಕೆ ಹತ್ತಿ, ಸುಡುಬೇಸಗೆಯಲ್ಲೂ ಮೈಯಿಂದಿಳಿಯದ ತಮ್ಮ ಕಂದು ಕೋಟಿನ ಎದೆಯೊಳಗೆ ಕೈ ತೂರಿಸಿ, ಕನ್ನಡಕದ ಡಬ್ಬಿಯೊಂದನ್ನು ತೆಗೆದು, ಅದರೊಳಗಿಂದ ಹತ್ತಿ ಬಟ್ಟೆಯಲ್ಲಿ ಸುತ್ತಿದ ಪೆನ್‌ಡ್ರೈವ್ ಒಂದನ್ನು ಹೊರಗೆಳೆದರು. ಅಕ್ಕನ ಚಿತ್ರಗಳೆಲ್ಲ ಒಂದರ ಹಿಂದೊಂದು ಪರದೆಗೆ ಬಂದವು. ಅಕ್ಕ ಪಕ್ಕದಲ್ಲಿ ನಿಂತು ಬಾಯಿಮಾತಿನಲ್ಲೇ ಪಾಠ ಹೇಳಿದಳು. ಸಭೆ ಚಪ್ಪಾಳೆ ತಟ್ಟಿತು. ಭಾವ ಇಳಿಯುವಾಗ ನನ್ನ ಕಿವಿಯ ಹತ್ತಿರ ಬಗ್ಗಿ, "ಅಳಿವಿಲ್ಲ ಅಂದ್ಯಲ್ಲ, ಯಾರನ್ನ ಕೇಳಿ ಹೇಳಿದೆ?" ಎಂದರು.

ಆ ಕೋಟಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಹೊರಗಿನಿಂದ ನೋಡಿದರೆ ಅದು ಯಾವ ಗೂಟಕ್ಕೂ ಒಪ್ಪುವ ಸಾಧಾರಣ ಕೋಟು. ಒಳಗೆ ಜೇಬುಗಳದ್ದೇ ಒಂದು ಬಡಾವಣೆ. ಎಲ್ಲವೂ ಅಕ್ಕ ಹೊಲಿದುಕೊಟ್ಟವು. ಪ್ರತಿ ಜೇಬಿನಲ್ಲಿಯೂ ವೆಬ್‌ಸೈಟಿನ ಒಂದೊಂದು ಪ್ರತಿ. ಇದಲ್ಲದೆ ಅಕ್ಕಿ ಡಬ್ಬದಲ್ಲಿ ಒಂದು, ಮಗಳ ಮನೆಯ ಬೀರುವಿನಲ್ಲಿ ಒಂದು, ಮತ್ತು ನನಗೆ ತಿಳಿಯದಂತೆ ನನ್ನ ಪುಸ್ತಕದ ಕಪಾಟಿನ ಹಿಂದೆ ಒಂದು. "ಮನೆಗೆ ಬೆಂಕಿ ಬಿದ್ರೆ?" ಎನ್ನುವುದು ಅವರ ವಾದ. "ನನ್ನ ಮನೆಗೂ ಬಿದ್ದರೆ?" ಎಂದು ಕೇಳಿದ್ದಕ್ಕೆ, "ಅದಕ್ಕೇ ಮಗಳ ಮನೇಲಿ ಇಟ್ಟಿದ್ದು" ಎಂದು ನನ್ನ ಮನೆಯನ್ನು ನಿರ್ವಿಕಾರಚಿತ್ತರಾಗಿ ಉರಿಸಿಬಿಟ್ಟರು.

ಈ ಸ್ವಭಾವ ಅವರಿಗೆ ಉದ್ಯೋಗದಿಂದ ಬಂದದ್ದು. ಲಿಫ್ಟುಗಳ ತಪಾಸಣೆಯ ಅಧಿಕಾರಿಯಾಗಿ ನಿವೃತ್ತರಾದವರು ಅವರು. ಹಗ್ಗ ಹರಿಯುತ್ತದೆ ಎಂದೇ ತಿಳಿದು ಇನ್ನೊಂದು ಹಗ್ಗವನ್ನು ನೋಡಬೇಕು, ಅದೂ ಹರಿಯುತ್ತದೆ ಎಂದು ತಿಳಿದು ಬ್ರೇಕನ್ನು ನೋಡಬೇಕು. ಆಯುಷ್ಯವೆಲ್ಲ ಹೀಗೆ ಕಳೆದವರು ಸಹಜವಾಗಿಯೇ ಎಲ್ಲಿಗೆ ಹೋದರೂ ಮೆಟ್ಟಿಲು ಹತ್ತುತ್ತಾರೆ. ಫೋನಿನಲ್ಲಿ ಪ್ರತಿ ಮಾತನ್ನೂ ಎರಡೆರಡು ಸಲ ಹೇಳುತ್ತಾರೆ. ತಂತಿಯಲ್ಲಿ ಒಂದು ಕಳೆದುಹೋದರೆ ಇನ್ನೊಂದಾದರೂ ತಲುಪಲಿ ಎಂದು.

ಇಂಥ ಮನುಷ್ಯ ಹೆಂಡತಿಯ ವೆಬ್‌ಸೈಟಿಗೆ ಜಾಗ ಹಿಡಿದದ್ದು ಎಲ್ಲಿ? ಜಾಲತಾಣಕ್ಕೂ ಇರಲು ಒಂದು ಕಡೆ ಜಾಗ ಬೇಕು, ಯಾರದೋ ಕಂಪ್ಯೂಟರಿನಲ್ಲಿ ಬಾಡಿಗೆಗೆ ಇರಬೇಕು. ಅದಕ್ಕೆ ಹೋಸ್ಟಿಂಗ್ ಎನ್ನುತ್ತಾರೆ. ಭಾವ ಹಿಡಿದ ಹೋಸ್ಟಿಂಗ್ ಕಂಪನಿ, ಗಾಳಿ ಬೀಸಿದರೆ ಮಲಗುವ, ಮೋಡ ಕವಿದರೆ ಏಳದ, ನೆಂಟರು ಬಂದಾಗ ಖಂಡಿತವಾಗಿ ಕೈಕೊಡುವ ಕಂಪನಿ. ಅಲ್ಲಿ ಫೋನು ಎತ್ತುವವನು ಒಬ್ಬನೇ. ಯಾವಾಗ ಕೇಳಿದರೂ "ಇನ್ನು ಹತ್ತೇ ನಿಮಿಷ ಸಾರ್" ಎನ್ನುತ್ತಿದ್ದುದರಿಂದ ಮನೆಯಲ್ಲಿ ಅವನ ಹೆಸರೇ 'ಹತ್ತು ನಿಮಿಷ' ಎಂದಾಗಿತ್ತು. ಬೆಳಗಿನ ಕಾಫಿಯೊಡನೆ ಭಾವ ಅವನಿಗೆ ಫೋನು ಮಾಡುವುದು ನಿತ್ಯವಿಧಿ.

"ಏನಪ್ಪಾ, ಎದ್ದಿದೆಯಾ? ಎದ್ದಿದೆಯಾ?"

"ಇನ್ನು ಹತ್ತೇ ನಿಮಿಷ ಸಾರ್."

"ಆಗ್ಲಿ, ಆಗ್ಲಿ. ನಿನ್ನ ಕೆಮ್ಮು ಹೇಗಿದೆ? ಕೆಮ್ಮು?"

ಅಕ್ಕ ಒಳಗಿನಿಂದಲೇ ಹೇಳುತ್ತಿದ್ದಳು: "ನನ್ನ ಮಂಡಿನೋವು ಕೇಳೋಕೆ ನಾನೂ ಒಂದು ಕಂಪನಿ ತೆಗೀಬೇಕೇನೋ."

ಒಂದು ಬೆಳಗ್ಗೆ ಫೋನು ಆ ಕಡೆಯಿಂದಲೇ ಬಂತು. ಹಿಂದೆಂದೂ ಹಾಗಾಗಿರಲಿಲ್ಲ. ನಾನೂ ಅಲ್ಲೇ ಕಾಫಿಗೆ ಕೂತಿದ್ದೆ. ಭಾವ ಫೋನನ್ನು ಮೇಜಿನ ಮೇಲಿಟ್ಟು ಗಟ್ಟಿಯಾಗಿ ಕೇಳಿಸುವಂತೆ ಮಾಡಿದರು.

"ಸಾರ್, ಡಿಸ್ಕ್ ಹೋಯ್ತು ಸಾರ್."

"ಹತ್ತು ನಿಮಿಷಾನಾ? ಹತ್ತು ನಿಮಿಷಾನಾ?"

"ಇಲ್ಲ ಸಾರ್. ಹೋಯ್ತು."

"ನಿಮ್ಮ ಹತ್ರ ಬ್ಯಾಕಪ್ ಇರ್ಬೇಕಲ್ಲ? ಬ್ಯಾಕಪ್?"

"ಇತ್ತು ಸಾರ್. ಅದೂ ಅದೇ ಡಿಸ್ಕಲ್ಲೇ ಇತ್ತು."

ನಾನು ಕಾಫಿಲೋಟ ಕೆಳಗಿಟ್ಟೆ. ಭಾವನ ಮುಖದಲ್ಲಿ ಮಾತ್ರ, ಜೀವಮಾನವೆಲ್ಲ ಛತ್ರಿ ಹಿಡಿದು ಓಡಾಡಿದವನ ಮೇಲೆ ಕಡೆಗೂ ಒಂದು ಹನಿ ಬಿದ್ದಾಗ ಮೂಡುವಂಥ ಪ್ರಸನ್ನತೆ ಮೂಡಿತು. ಕೋಟು ಕಳಚಿ ಊಟದ ಮೇಜಿನ ಮೇಲೆ ಹಾಸಿ, ಜೇಬುಜೇಬಿನಿಂದಲೂ ಪೆನ್‌ಡ್ರೈವ್‌ಗಳನ್ನು ತೆಗೆದು ಸಾಲಾಗಿ ಜೋಡಿಸಿದರು. "ಮದುವೆ ದಿನಾನೂ ಈ ಮನುಷ್ಯ ಇಷ್ಟು ಖುಷಿಯಾಗಿರ್ಲಿಲ್ಲ ಕಣೋ" ಎಂದಳು ಅಕ್ಕ. 'ಹತ್ತು ನಿಮಿಷ' ಬೇರೊಂದು ಡಿಸ್ಕಿನಲ್ಲಿ ಜಾಗ ಮಾಡಿಕೊಟ್ಟ. ಮಧ್ಯಾಹ್ನದ ಊಟದ ಹೊತ್ತಿಗೆ ಭಾವ ತಾಣವನ್ನು ಎಬ್ಬಿಸಿ ಕೂರಿಸಿ, "ಬಾರೇ, ನೋಡು, ಒಂದು ನೂಲೂ ಆಚೀಚೆ ಆಗಿಲ್ಲ" ಎಂದು ಕರೆದರು.

ಅಕ್ಕ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. ಕಾಲುಚೀಲದ ತೂತು ಬಂದಿತ್ತು, ಸ್ವೆಟರಿನ ಮೊಣಕೈ ಬಂದಿತ್ತು, ಸೂಜಿ ಹಿಡಿದ ಅವಳ ಬೆರಳುಗಳೆಲ್ಲ ಬಂದಿದ್ದವು.

"ಅಕ್ಷರ ಎಲ್ಲಿ?" ಎಂದಳು.

ಅಕ್ಷರವಿರಲಿಲ್ಲ. ಪಾಠವಿಲ್ಲ, ಪಾಠದ ಕೆಳಗೆ ಓದುಗರು ಕೇಳಿದ್ದ ಪ್ರಶ್ನೆಯಿಲ್ಲ, ಅಕ್ಕನ ಉತ್ತರವಿಲ್ಲ. ಕಂಪನಿಗೆ ಫೋನು ಹೋಯಿತು. "ಸಾರ್, ಫೋಟೋ ಎಲ್ಲಾ ಫೈಲಲ್ಲಿರುತ್ತೆ, ಬರೆದಿದ್ದು ಡೇಟಾಬೇಸಲ್ಲಿರುತ್ತೆ ಸಾರ್. ಅದು ಬೇರೆ, ಇದು ಬೇರೆ. ಅದನ್ನೂ ಬೇರೆಯಾಗಿ ಇಳಿಸ್ಕೋಬೇಕಿತ್ತು" ಎಂದ 'ಹತ್ತು ನಿಮಿಷ'. ಭಾವ ಎಲ್ಲ ಪೆನ್‌ಡ್ರೈವ್‌ಗಳನ್ನೂ ಒಂದೊಂದಾಗಿ ಚುಚ್ಚಿ ನೋಡಿದರು. ಅಕ್ಕಿ ಡಬ್ಬದ್ದು ಬಂತು, ನನ್ನ ಕಪಾಟಿನದೂ ಬಂತು. ಎಲ್ಲವುಗಳಲ್ಲಿಯೂ ಅದೇ ಇತ್ತು. ಎಲ್ಲವುಗಳಲ್ಲಿಯೂ ಅದೇ ಇರಲಿಲ್ಲ. ಇಷ್ಟು ಹಗ್ಗ ಕಟ್ಟಿದ್ದ ಮನುಷ್ಯ ಎಲ್ಲ ಹಗ್ಗಗಳನ್ನೂ ಒಂದೇ ಮೊಳೆಗೆ ಕಟ್ಟಿದ್ದರು.

"ನನ್ನ ಪಾಠ ಹೋದ್ರೆ ಹೋಗ್ಲಿ ರೀ, ಮತ್ತೆ ಬರೀತೀನಿ" ಎಂದಳು ಅಕ್ಕ. "ಆದ್ರೆ ಅವರೆಲ್ಲ ಬರೆದಿದ್ರಲ್ಲ. ಆ ಲಾರಿ ಡ್ರೈವರು, ಸತ್ತ ತಮ್ಮನ ಸ್ವೆಟರು ಹಾಕ್ಕೊಂಡೇ ಗಾಡಿ ಓಡಿಸ್ತೀನಿ, ತೋಳು ಹರೀತಿದೆ ಅಂತ ಬರೆದಿದ್ದ. ಅದನ್ನ ನಾನು ಹೇಗೆ ಬರೀಲಿ?" ಹಾಗೆಂದು ಅಡುಗೆಮನೆಗೆ ಹೋದಳು. ಭಾವ ಕೋಟಿಲ್ಲದೆ ಕೂತಿದ್ದರು. ಅವರನ್ನು ಕೋಟಿಲ್ಲದೆ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಇಷ್ಟು ಸಣ್ಣ ಮನುಷ್ಯರೇ ಇವರು ಎನ್ನಿಸಿತು.

ಮುಖಾಮುಖಿ ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಮನೆಗೆ ಹೋಗಿ, ಅಕ್ಕನಿಗೊಂದು ಹೃದಯಸ್ಪರ್ಶಿಯಾದ ಇ-ಮೇಲ್ ಬರೆದೆ. ಅದು ಹೋದ ವೇಗದಲ್ಲೇ ತಿರುಗಿ ಬಂತು: ಇವರ ಪೆಟ್ಟಿಗೆ ತುಂಬಿದೆ, ಜಾಗವಿಲ್ಲ. ನನ್ನ ಬರಹ ತಿರುಗಿ ಬರುವುದು ಹೊಸದಲ್ಲ; ಆದರೆ ಒಡಹುಟ್ಟಿದವಳಿಂದಲೂ ಬಂತಲ್ಲ ಎಂದು ಸಂಜೆ ಹೋಗಿ ದೂರಿದೆ.

"ತುಂಬ್ದೆ ಇನ್ನೇನಾಗುತ್ತೆ!" ಎಂದು ಭಾವ ಸಿಡುಕಿದರು. "ಯಾರು ಸೈಟಲ್ಲಿ ಏನು ಬರೆದ್ರೂ ಇವಳಿಗೊಂದು ಮೇಲ್ ಬರುತ್ತೆ. ಒಂದಾದ್ರೂ ಅಳಿಸಿದಾಳಾ? ಅಳಿಸು ಅಳಿಸು ಅಂತ ಎಷ್ಟು ವರ್ಷದಿಂದ ಬಡ್ಕೋತಾ..."

ಮಾತು ಅಲ್ಲಿಗೇ ನಿಂತಿತು. ಬಾಯಿ ಮಾತ್ರ ತೆರೆದೇ ಇತ್ತು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಡನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ನಗು ಬರಲು ತುಸು ಹೊತ್ತು ಹಿಡಿಯಿತು. ಬಂದದ್ದು ಬಹಳ ಹೊತ್ತು ಹೋಗಲಿಲ್ಲ. "ನಿಮ್ಮ ಮಾತು ಕೇಳದೆ ಇದ್ದದ್ದು ಎಷ್ಟು ಒಳ್ಳೇದಾಯ್ತು ರೀ" ಎಂದಳು.

ಆಮೇಲೆ ಎಷ್ಟೋ ವಾರ ಆ ಮನೆಯಲ್ಲಿ ನಾನು ಕಂಡದ್ದು ಒಂದೇ ದೃಶ್ಯ. ಕಿಟಕಿಯ ಬಳಿ ಕಂಪ್ಯೂಟರಿನ ಮುಂದೆ ಭಾವ; ಪಕ್ಕದ ಕುರ್ಚಿಯಲ್ಲಿ ಮಡಿಲ ತುಂಬ ಯಾರದೋ ಹರಿದ ಶಾಲು ಹಾಕಿಕೊಂಡ ಅಕ್ಕ. ಅವರು ಒಂದೊಂದೇ ಮೇಲನ್ನು ಗಟ್ಟಿಯಾಗಿ ಓದಿ ತಾಣಕ್ಕೆ ಸೇರಿಸುವುದು, ಅವಳು ಕೇಳುವುದು. ಜನ ಬರೆದದ್ದು ಉಳಿದಿತ್ತು. ಅವರಿಗೆ ಅವಳು ಕೊಟ್ಟ ಉತ್ತರಗಳು ಮಾತ್ರ ಹೋಗಿದ್ದವು, ತನಗೆ ತಾನೇ ಯಾರೂ ಮೇಲ್ ಕಳಿಸಿಕೊಳ್ಳುವುದಿಲ್ಲವಲ್ಲ. ಹಾಗಾಗಿ ಅವಳು ಹೊಸದಾಗಿ ಹೇಳುತ್ತಿದ್ದಳು, ಅವರು ಬೆರಳಚ್ಚಿಸುತ್ತಿದ್ದರು. "ಇವನಿಗೆ ಆಗ ದಪ್ಪ ಉಣ್ಣೆ ಹಾಕು ಅಂದಿದ್ದೆ, ತಪ್ಪು. ತೆಳು ಹಾಕು ಅಂತ ಬರೀರಿ." ಲಾರಿ ಡ್ರೈವರನ ಮೇಲಿನ ಸರದಿ ಬಂದ ದಿನ ಭಾವ ಓದುತ್ತ ಓದುತ್ತ ನಡುವೆ ನಿಂತು, ಕನ್ನಡಕ ತೆಗೆದು, ಗಾಜು ಕೊಳೆಯಾಗಿದೆಯೆಂದು ಬಹಳ ಹೊತ್ತು ಒರೆಸಿದರು. ಆಮೇಲೆ, "ಇಷ್ಟು ವರ್ಷ ಇದನ್ನೆಲ್ಲ ಜೇಬಲ್ಲಿ ಇಟ್ಕೊಂಡಿದೀನಿ ಅಂದ್ಕೊಂಡಿದ್ದೆ. ಒಂದನ್ನೂ ಓದಿರ್ಲಿಲ್ಲ ನೋಡು" ಎಂದರು. ಅಕ್ಕ ಸೂಜಿಗೆ ದಾರ ಪೋಣಿಸುತ್ತ, "ಈಗ ಓದಿ. ಅವಸರ ಏನಿದೆ?" ಎಂದಳು.

ಎಲ್ಲವೂ ಒಂದಲ್ಲ ಒಂದು ದಿನ ಕೆಡುತ್ತದೆ ಎಂದು ನಂಬಿದವರು ಸಾಮಾನ್ಯವಾಗಿ ಹುಳ್ಳಗೆ ಮುಖ ಮಾಡಿಕೊಂಡು ತಿರುಗುತ್ತಾರೆ. ನಮ್ಮ ಸುಖವನ್ನೂ ಹಾಳುಮಾಡುತ್ತಾರೆ. ಭಾವನವರ ಬಗೆಯೇ ಬೇರೆ. ಕೆಡುವುದು ಲೋಕದ ಕೆಲಸ, ಇನ್ನೊಂದು ಪ್ರತಿ ಇಡುವುದು ತಮ್ಮ ಕೆಲಸ ಎಂದು ಹಂಚಿಕೊಂಡು, ಲೋಕದೊಡನೆ ಜಗಳವಿಲ್ಲದೆ ಬಾಳುವವರು ಇವರು. ಅವರ ಲೆಕ್ಕ ಒಮ್ಮೊಮ್ಮೆ ತಪ್ಪುತ್ತದೆ, ತಪ್ಪಿದಾಗ ಪೂರ್ತಿಯಾಗಿಯೇ ತಪ್ಪುತ್ತದೆ. ಆದರೂ ನಮ್ಮಂಥ ಅಳಿವಿಲ್ಲ ಎನ್ನುವವರ ನಡುವೆ ಅಂಥವರು ಮನೆಗೊಬ್ಬರಾದರೂ ಇರಬೇಕು. ಮತ್ತು ಅವರ ಮಾತು ಕೇಳದವರೊಬ್ಬರೂ ಅದೇ ಮನೆಯಲ್ಲಿರಬೇಕು.

ಕೊನೆಯ ಮೇಲನ್ನು ಸೇರಿಸಿ ಮುಗಿಸಿದ ಸಂಜೆ, ಎಲ್ಲವೂ ಮತ್ತೆ ಅದೇ ಕಂಪನಿಯ ಕಂಪ್ಯೂಟರಿಗೇ ಹೋಗುತ್ತಿರುವುದನ್ನು ಕಂಡು ನನಗೆ ತಡೆಯಲಾಗಲಿಲ್ಲ.

"ಅಲ್ಲ ಭಾವ, ಇಷ್ಟೆಲ್ಲ ಆದ ಮೇಲೂ ಅವರೇನಾ? ಒಳ್ಳೇ ಕಂಪನಿಗಳು ಎಷ್ಟಿಲ್ಲ?"

ಭಾವ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಇವರು ಕೈಕೊಡ್ತಾರೆ ಅಂತ ನಂಗೆ ಪೂರ್ತಿ ನಂಬಿಕೆ ಇದೆ ಕಣೋ. ಹೊಸಬರನ್ನ ಅಷ್ಟು ಬೇಗ ನಂಬೋಕಾಗುತ್ತಾ?"