ತೋಳಿನೊಳಗಿನ ಕಾಗದ

"ಕೈ ಎತ್ತು," ಎಂದಳು ತಾಯಿ.

ಮಗಳು ಎತ್ತಿದಳು. ಕಪ್ಪು ಮಳೆ ಜಾಕೆಟ್ಟಿನ ತೋಳು ಸರ್ರನೆ ಮೊಣಕೈವರೆಗೆ ಜಾರಿತು.

"ಇದಾಗಲ್ಲ. ಮುಂದಿನದು ಕೊಡಪ್ಪ."

ಅದು ಆರನೆಯದು. ಹೊರಗೆ ಮಟಮಟ ಮಧ್ಯಾಹ್ನವೇ ಕತ್ತಲು ಕವಿದು ಮಳೆ ಒಂದೇ ಸಮ ಸುರಿಯುತ್ತಿತ್ತು. ಅಂಗಡಿಯವನು ಜಾಕೆಟ್ ಮಡಚುತ್ತ, "ಮಳೇಲಿ ಎಲ್ಲರೂ ಕೈ ಕೆಳಗೆ ಬಿಟ್ಕೊಂಡೇ ನಡೀತಾರಮ್ಮ. ನಿಮ್ಮ ಮಗಳೇನು ಬಸ್ಸು ನಿಲ್ಲಿಸೋಕೆ ಹೋಗ್ತಾಳಾ?" ಎಂದ.

"ಫೋಟೋ ತೆಗೀತಾಳೆ. ಪೇಪರ್‌ಗೆ!"

"ಅಮ್ಮ, ಕೆಲಸ ಇನ್ನೂ ಕೊಟ್ಟಿಲ್ಲ," ಮಗಳು ಪಿಸುಗುಟ್ಟಿದಳು.

ಹೋದ ಭಾನುವಾರದ ಸೈಕಲ್ ಪಂದ್ಯದಲ್ಲಿ ಸಿಗಬೇಕಿತ್ತು. ಕೊನೆಯ ಸುತ್ತು, ಅವಳು ಕ್ಯಾಮೆರಾ ತಲೆಯ ಮೇಲೆತ್ತಿದ್ದಳು. ಅದೇ ಗಳಿಗೆಗೆ ಮಳೆನೀರು ತೋಳಿನಿಂದ ಕಂಕುಳಿಗಿಳಿದು ಮೈ ಜುಮ್ಮೆಂದಿತು, ಕೈ ಅದುರಿತು. ಚಿತ್ರದಲ್ಲಿ ಬಂದದ್ದು ಗೆದ್ದವನ ಹಿಂದಿನ ಚಕ್ರ ಮಾತ್ರ. ಸಂಪಾದಕರು ಆ ಚಕ್ರವನ್ನು ಬಹಳ ಹೊತ್ತು ನೋಡಿ, "ಗುರುವಾರ ದೋಣಿ ಪಂದ್ಯ ಇದೆ. ಇನ್ನೊಂದು ಸಲ ನೋಡೋಣ. ಅದೇ ಕೊನೆ," ಎಂದಿದ್ದರು. ಇವತ್ತು ಬುಧವಾರ.

ಅಂಗಡಿಯವನು ಮೂರು ಜಾಕೆಟ್ ಹರಡಿದ. "ಇದು ಐದು ಸಾವಿರ, ಇದು ಹತ್ತು, ಇದು ಇಪ್ಪತ್ತು. ಗಾಬರಿ ಆಗ್ಬೇಡಿ, ಬೆಲೆ ಅಲ್ಲ. ಬಟ್ಟೆ ಮೇಲೆ ಅಷ್ಟು ಮಿಲಿಮೀಟರ್ ಎತ್ತರ ನೀರು ನಿಲ್ಲಿಸಿದ್ರೂ ಒಳಗಿಳಿಯಲ್ಲ ಅಂತ."

"ಇಪ್ಪತ್ತು ಮೀಟರ್!" ಮಗಳ ಕಣ್ಣರಳಿದವು. "ಆರು ಅಂತಸ್ತು ಕಣಮ್ಮ! ಇದೇ ಇರಲಿ."

ತಾಯಿ ಅದನ್ನು ಒಳಮಗ್ಗುಲು ಮಾಡಿ ಹೊಲಿಗೆಯುದ್ದಕ್ಕೂ ಹೆಬ್ಬೆರಳಾಡಿಸಿದಳು. ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಬಂದವಳು. ಕೊರಳಲ್ಲಿ ಅಳತೆಪಟ್ಟಿ, ಮಣಿಕಟ್ಟಿನಲ್ಲಿ ಗುಂಡುಸೂಜಿ ಚುಚ್ಚಿದ ಪುಟ್ಟ ದಿಂಬು ಹಾಗೇ ಇದ್ದವು.

"ಬಟ್ಟೆಯೇನೋ ಗಟ್ಟಿ. ಆದ್ರೆ ಸೂಜಿ ಹೋದಲ್ಲೆಲ್ಲ ತೂತೇ ಅಲ್ವಾ? ಭುಜದ ಹೊಲಿಗೆ ಮೇಲೆ ನೀರು ತಡೆಯೋ ಪಟ್ಟಿ ಅಂಟಿಸಿದ್ದಾರೆ, ತೋಳಿನ ಹೊಲಿಗೆ ಬರಿದೇ ಬಿಟ್ಟಿದ್ದಾರೆ. ನಿನಗೆ ನೀರು ಬರೋದೇ ಅಲ್ಲಿಂದ." ಹತ್ತು ಸಾವಿರದ ಕೆಂಪು ಜಾಕೆಟ್ ತಿರುವಿದಳು. ಒಂದೊಂದು ಹೊಲಿಗೆಯ ಮೇಲೂ ಪಟ್ಟಿ. "ಹಾಂ! ಇದನ್ನ ಮಾಡಿದೋನು ಕಸುಬು ಗೊತ್ತಿರೋನು. ಹಾಕ್ಕೋ! ಎತ್ತು ಕೈ!"

ತೋಳು ಕದಲಲಿಲ್ಲ. ಮಣಿಕಟ್ಟಿನಲ್ಲಿ ಮಾತ್ರ ಒಂದು ಬೆರಳು ಸಡಿಲ.

"ಇಷ್ಟೇ ತಾನೆ," ಎಂದ ತಾಯಿಯ ಕೈ ತನ್ನಷ್ಟಕ್ಕೆ ತಾನೇ ದಿಂಬಿಗೆ ಹೋಯಿತು, ಮಡಿಕೆ ಹಿಡಿಯಿತು, ಗುಂಡುಸೂಜಿ ಚುಚ್ಚಿತು.

"ಅಯ್ಯೋ ಅಮ್ಮಾ!" ಅಂಗಡಿಯವನು ಕಿರುಚಿದ. "ತೂತು!"

ಮೂವರೂ ಸೂಜಿಯನ್ನೇ ನೋಡಿದರು. ತಾಯಿಯ ಮುಖ ಕೆಂಪಾಯಿತು. ಮಗಳು ತಡೆಯಲಾರದೆ ಕಿಸಕ್ಕೆಂದಳು. "ಇಷ್ಟೊತ್ತು ಪಾಠ ಹೇಳಿದ್ದು ಯಾರಮ್ಮ?"

"ಬಾಯಿ ಮುಚ್ಚೇ. ಏನಪ್ಪ, ಬಿಸಿ ತಾಗಿದ್ರೆ ಅಂಟೋ ಈ ಪಟ್ಟಿ ನಿನ್ನ ಹತ್ರ ಇರುತ್ತಲ್ಲ? ಇಸ್ತ್ರಿಪೆಟ್ಟಿಗೆ?"

ಎರಡೂ ಬಂದವು. ತಾಯಿ ಸೂಜಿ ಕಿತ್ತಳು. ಅದೇ ಮಡಿಕೆಯನ್ನು ಒಳಗಿನಿಂದ ಪಟ್ಟಿಯಿಂದ ಮುಚ್ಚಿ, ಮೇಲೆ ಕರವಸ್ತ್ರ ಹಾಸಿ, ಉಸಿರು ಬಿಗಿಹಿಡಿದು ಇಸ್ತ್ರಿ ಒತ್ತಿದಳು. ಮೂವತ್ತು ವರ್ಷದಲ್ಲಿ ದಾರವಿಲ್ಲದೆ ಅವಳು ಬಟ್ಟೆಗೆ ಬಟ್ಟೆ ಸೇರಿಸಿದ್ದು ಇದೇ ಮೊದಲು. ತೂತುಗಳು ಮುಚ್ಚಿದವು, ಮಣಿಕಟ್ಟೂ ಬಿಗಿಯಾಯಿತು.

"ಕೊಡಮ್ಮ, ಹೊರಗೆ ನಿಂತು ನೋಡ್ತೀನಿ."

"ನೀನು ನೆಂದು ಜ್ವರ ಬರಿಸ್ಕೊಂಡ್ರೆ ನಾಳೆ ಹೋಗೋರ್ಯಾರು?" ತಾಯಿಯೇ ಜಾಕೆಟ್ ತೊಟ್ಟಳು. ಗಲ್ಲಾಪೆಟ್ಟಿಗೆಯ ಮೇಲಿದ್ದ ಹಳೆಯ ಪತ್ರಿಕೆಯಿಂದ ಒಂದು ಚೂರು ಹರಿದು "ಇದು ನೆನೆಯುತ್ತಾ ನೋಡೋಣ," ಎಂದು ತೋಳಿನೊಳಗೆ ತುರುಕಿಕೊಂಡು ಬೀದಿಗಿಳಿದು, ಎರಡೂ ಕೈಯೆತ್ತಿ ಮಳೆಯಲ್ಲಿ ನಿಂತಳು.

ಬಸ್ಸೊಂದು ಕಿರ್ರನೆ ನಿಂತಿತು. "ಬೇಗ ಹತ್ತಮ್ಮ!"

"ಇಲ್ಲಪ್ಪ, ನೀನು ಹೊರಡು!" ಕೈ ಇಳಿಸದೆಯೇ ಕೂಗಿದಳು.

ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ಬಾಗಿಲಲ್ಲಿ ನಿಂತ ಮಗಳು ಗಟ್ಟಿಯಾಗಿ ಎಣಿಸುತ್ತಿದ್ದಳು. ತೊಂಬತ್ತಕ್ಕೆ ಬರುವ ಹೊತ್ತಿಗೆ ಚೀಲದಲ್ಲಿದ್ದ ಕ್ಯಾಮೆರಾ ಅವಳ ಕೈಗೆ ಬಂದಿತ್ತು. ನೂರಕ್ಕೆ ಒಂದು ಸಲ ಕ್ಲಿಕ್ಕಿಸಿದಳು. ಕೈ ಅದುರಲಿಲ್ಲ.

ತಾಯಿ ತೊಟ್ಟಿಕ್ಕುತ್ತ ಒಳಗೆ ಬಂದಳು. ಅವಳು ತೋಳಿನೊಳಗೆ ಎರಡು ಬೆರಳು ತೂರಿಸಿ ಕಾಗದವನ್ನು ಮೆಲ್ಲಗೆ ಹೊರಗೆಳೆದು, ಕಿವಿಯ ಹತ್ತಿರ ಹಿಡಿದು ಅಲುಗಿಸಿದಳು. ಅದು ಒಣಗಿಯೇ ಇತ್ತು, ಗರಿಗರಿ ಸದ್ದು ಮಾಡಿತು.