ಪಾಯಿಖಾನೆ ಸೋಪು

ಊರಿಗೆಲ್ಲ ಕೈ ತೊಳೆಯುವುದನ್ನು ಹೇಳಿಕೊಡುವ ನರ್ಸಮ್ಮನ ಮಗಳಿಗೇ ಮತ್ತೆ ಭೇದಿ ಹಿಡಿದಿತ್ತು. ವಠಾರದವರು ಮುಸಿಮುಸಿ ನಕ್ಕರು. ಗಂಡ ಮಾತ್ರ ನಗಲಿಲ್ಲ.

"ಇನ್ನೊಂದ್ ಸಲ ಹೀಗಾದ್ರೆ ನಮ್ಮಲ್ಲಿ ಒಬ್ರು ಕೆಲಸ ಬಿಟ್ಟು ಮಗು ನೋಡ್ಕೋಬೇಕು," ಎಂದ. ಆ ಒಬ್ಬರು ಯಾರೆಂದು ಇಬ್ಬರಿಗೂ ಗೊತ್ತಿತ್ತು.

ಹಗಲೆಲ್ಲ ಮಗುವನ್ನು ನೋಡಿಕೊಳ್ಳುವವರು ಅತ್ತೆ. ತುತ್ತು ಮಾಡಿ ಉಣಿಸುವುದೂ ಅವರದೇ ಕೈ. ಆ ಕೈಗೆಂದೇ ಸೊಸೆ, ವಠಾರಕ್ಕೆಲ್ಲ ಸೇರಿದ ಪಾಯಿಖಾನೆಯ ಬಾಗಿಲಲ್ಲಿ ಹೊಸ ಸೋಪು ಇಟ್ಟಿದ್ದಳು. ಇಟ್ಟು ಎಷ್ಟು ಕಾಲವಾಯಿತೋ, ಈಗ ಹೋಗಿ ನೋಡಿದರೆ ಅದರ ಮೇಲಿನ ಅಕ್ಷರ ಕೂಡ ಸವೆದಿರಲಿಲ್ಲ.

"ಅತ್ತೆ, ಸೋಪು ಇಟ್ಟ ಹಾಗೇ ಇದೆಯಲ್ಲ?"

"ಯಾಕಮ್ಮ, ಯಾರೂ ಕದೀಲಿಲ್ಲ ಅಂತ ಬೇಜಾರಾ?"

"ಕದ್ದಿದ್ರೆ ಅವರ ಕೈಯಾದ್ರೂ ಶುದ್ಧ ಆಗ್ತಿತ್ತು. ನೀವ್ಯಾಕೆ ಮುಟ್ಟಲ್ಲ?"

ಅತ್ತೆ ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. "ಅದು ಪಾಯಿಖಾನೆ ಸೋಪು ಕಣೇ. ಅದನ್ನ ಮುಟ್ಟಿದ್ರೆ ಮತ್ತೆ ಕೈ ತೊಳ್ಕೋಬೇಕಾಗುತ್ತೆ."

ನರ್ಸಮ್ಮನ ತರಬೇತಿಯಲ್ಲಿ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ. ಸೋಪನ್ನು ಎತ್ತಿ ನಲ್ಲಿಕಟ್ಟೆಯ ಮೇಲಿಟ್ಟಳು. ಅಷ್ಟಕ್ಕೇ ಪಕ್ಕದ ಮನೆಯ ಜಗಲಿಯಿಂದ ಟೈಲರಣ್ಣ ರಾಗ ತೆಗೆದ.

"ಪಾಯಿಖಾನೆಗೆ ಹೋಗಿ ಬಂದ ಕೈ, ಪಾತ್ರೆ ತೊಳಿಯೋ ಜಾಗದ ಸೋಪು ಮುಟ್ಟೋದಾ? ನಮ್ಮ ಹಿಂದೆ ಯಾಕಮ್ಮ ಹೀಗೆ ಕೈ ತೊಳ್ಕೊಂಡು ಬಿದ್ದಿದೀಯ?"

"ನೀವೂ ತೊಳ್ಕೊಳ್ಳಿ, ಬೀಳೋದು ಬಿಡ್ತೀನಿ."

ಆತ ನಗುತ್ತ ಮಷಿನ್ ತುಳಿಯತೊಡಗಿದ. ತುಳಿಯುವುದು ಕೆಳಗೆ, ಹೊಲಿಯುವುದು ಮೇಲೆ. ನರ್ಸಮ್ಮ ಅವನ ಕಾಲನ್ನೇ ನೋಡುತ್ತ ನಿಂತುಬಿಟ್ಟಳು.

"ಏನು, ಕಾಲೂ ತೊಳೀಬೇಕಾ?"

"ಅಣ್ಣ, ಹಳೇ ಪೆಡಲ್ ಏನಾದ್ರೂ ಬಿದ್ದಿದೆಯಾ?"

ಸಂಜೆಯೊಳಗೆ ಪಾಯಿಖಾನೆಯ ಹೊರಗೋಡೆಗೆ ಒಂದು ಬಾಟಲಿ, ಒಂದು ಕ್ಯಾನು ನೇತಾಡುತ್ತಿದ್ದವು, ಕೆಳಗೆ ಎರಡು ಪೆಡಲ್. ಒಂದು ಪೆಡಲ್ ತುಳಿದರೆ ಹುರಿ ಎಳೆದು ಬಾಟಲಿ ಬಗ್ಗಿ ಸೋಪಿನ ನೀರು, ಇನ್ನೊಂದು ತುಳಿದರೆ ಕ್ಯಾನಿನ ನೀರು.

ಅತ್ತೆ ಅದರ ಸುತ್ತ ಅನುಮಾನದಿಂದ ಸುಳಿದಾಡಿದರು. "ಯಾರೂ ಮುಟ್ಟಿಲ್ಲ ತಾನೇ?"

"ಮುಟ್ಟೋಕೆ ಏನಿದೆ ಅತ್ತೆ ಅಲ್ಲಿ?"

ಅವರು ತುಳಿದರು. ಅಂಗೈ ತುಂಬ ನೊರೆ. ಇನ್ನೊಮ್ಮೆ ತುಳಿದರು, ಬೇಕಿತ್ತೆಂದಲ್ಲ, ಮಜಾ ಸಿಕ್ಕಿತ್ತು.

ಹೊಟ್ಟೆ ಸರಿಹೋಗಿ ಮಗು ಮೈಕೈ ತುಂಬಿಕೊಂಡಿತು. ಗಂಡ ಕೆಲಸ ಬಿಡುವ ಮಾತನ್ನು ಮತ್ತೆ ಎತ್ತಲಿಲ್ಲ.

ಒಂದು ಸಂಜೆ ನರ್ಸಮ್ಮ ಸೋತು ಸುಣ್ಣವಾಗಿ ಮನೆಗೆ ಬಂದರೆ, ವಠಾರದ ಬಾಗಿಲಲ್ಲೇ ಟೈಲರಣ್ಣನ ದೂರು ಕಾದಿತ್ತು.

"ನಿಮ್ಮತ್ತೆಗೆ ಸ್ವಲ್ಪ ಹೇಳಮ್ಮ. ಈಗ ಅವರು ಬಿದ್ದಿದಾರೆ ನನ್ನ ಹಿಂದೆ, ಕೈ ತೊಳ್ಕೊಂಡು."

"ತೊಳ್ಕೊಂಡೇ ಬಿದ್ದಿರೋದು," ಎಂದು ಅತ್ತೆ ಒದ್ದೆ ಕೈ ತೋರಿಸಿದರು.

ಅಮ್ಮನನ್ನು ಕಂಡ ಮಗು ಓಡಿಬಂತು. ಎತ್ತಿಕೊಳ್ಳಲು ನರ್ಸಮ್ಮ ಕೈ ಚಾಚಿದಳು. ಅತ್ತೆ ನಡುವೆ ಬಂದು ಅಡ್ಡ ನಿಂತರು.

"ಮಗು ಎಲ್ಲೂ ಹೋಗಲ್ಲ ನರ್ಸಮ್ಮ. ಮೊದ್ಲು ತುಳಿ."

ಅವಳು ಹೋಗಿ ತುಳಿದಳು.